ವೀಸಾ ಇದೆ, ಆದರೆ ಯಾವ ವೀಸಾ?



ನಮ್ಮ ಕರಾವಳಿಯ ಯಾವ ಊರಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಅವರ ಮಗ ಶಿಪ್ಪಿನಲ್ಲಿದ್ದಾನೆ." ಹೇಳುವವರ ದನಿಯಲ್ಲಿ ಅಭಿಮಾನವಿರುತ್ತದೆ, ಸ್ವಲ್ಪ ಆತಂಕವೂ ಇರುತ್ತದೆ. ಕೆಲವು ವರ್ಷಗಳ ಹಿಂದೆ ಹಡಗಿನ ಉದ್ಯೋಗಗಳ ಬಗ್ಗೆ ನಾವು ಒಂದು ಕಾರ್ಯಕ್ರಮ ಪ್ರಸಾರ ಮಾಡಿದ್ದೆವು. ಮರುದಿನ ಕುಂದಾಪುರದ ಕಡೆಯ ಒಬ್ಬ ತಾಯಿ ದೂರವಾಣಿ ಮಾಡಿದರು. ಅವರ ಮಗ ಏಜೆಂಟನೊಬ್ಬನ ಮಾತು ನಂಬಿ, ಮನೆಯ ಒಡವೆ ಅಡವಿಟ್ಟ ಹಣ ಕೊಟ್ಟು, ಕೊಲ್ಲಿಯ ಒಂದು ಬಂದರಿಗೆ ಹೋಗಿದ್ದ. ಅಲ್ಲಿ ಅವನನ್ನು ಹತ್ತಿಸಿದ್ದು ಒಂದು ಹಳೆಯ ಸಣ್ಣ ಹಡಗಿಗೆ. ಮೊದಲ ಎರಡು ತಿಂಗಳು ಸಂಬಳ ಬಂತು, ಆಮೇಲೆ ನಿಂತಿತು. ದಡಕ್ಕೆ ಇಳಿಯೋಣವೆಂದರೆ ಇಳಿಯುವ ಹಾಗಿಲ್ಲ. ಏಕೆಂದರೆ ಅವನ ಪಾಸ್‌ಪೋರ್ಟಿನಲ್ಲಿದ್ದದ್ದು ಪ್ರವಾಸಿ ವೀಸಾ, ಅದರ ಅವಧಿ ಎಂದೋ ಮುಗಿದಿತ್ತು. "ವೀಸಾ ಇತ್ತಲ್ಲ ಮಾರಾಯ್ರೇ, ಮತ್ತೆ ಹೀಗ್ಯಾಕಾಯ್ತು?" ಎಂದು ಆ ತಾಯಿ ಕೇಳಿದರು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ವೀಸಾ ಇತ್ತು ನಿಜ. ಆದರೆ ಯಾವ ವೀಸಾ? ನಮ್ಮಲ್ಲಿ ಬಹಳ ಮಂದಿಗೆ ವೀಸಾ ಎಂದರೆ ವಿದೇಶದ ಬಾಗಿಲಿಗೆ ಹೊಡೆಯುವ ಒಂದೇ ಮುದ್ರೆ. ವಾಸ್ತವವಾಗಿ ಅದು ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ ಕೊಟ್ಟ ಅನುಮತಿ. ಕೆಲಸ ಬದಲಾದರೆ ಆ ಅನುಮತಿಗೆ ಬೆಲೆಯಿಲ್ಲ. ಇವತ್ತು ನಾನು ಹೇಳಹೊರಟಿರುವುದು ಇವುಗಳ ಪೈಕಿ ಎರಡು ಬಗೆಯ ವೀಸಾಗಳ ವಿಚಾರ. ಒಂದು, ಬೇರೆ ದೇಶವೊಂದನ್ನು ಹಾದುಹೋಗುವವರಿಗೆ ಬೇಕಾದ ಟ್ರಾನ್ಸಿಟ್ ವೀಸಾ. ಇನ್ನೊಂದು, ಹಡಗು ಮತ್ತು ವಿಮಾನಗಳಲ್ಲಿ ದುಡಿಯುವವರಿಗೆ ಬೇಕಾದ ಸಿಬ್ಬಂದಿ ವೀಸಾ.

ನಾವೂ 'ಕ್ರೂ' ತಾನೆ!

ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತೇನೆ. ಒಮ್ಮೆ ನಾನು, ಛಾಯಾಗ್ರಾಹಕರು ಮತ್ತು ಧ್ವನಿಗ್ರಾಹಕರು, ಹೀಗೆ ಮೂವರು ದಕ್ಷಿಣ ಅಮೆರಿಕದ ಒಂದು ದೇಶಕ್ಕೆ ಕೃಷಿ ವಿಜ್ಞಾನದ ಚಿತ್ರೀಕರಣಕ್ಕೆ ಹೊರಟಿದ್ದೆವು. ಆ ದೇಶದ ವೀಸಾ ಕೈಯಲ್ಲಿತ್ತು. ಟಿಕೆಟು ಮಾತ್ರ ಅಮೆರಿಕ ಸಂಯುಕ್ತ ಸಂಸ್ಥಾನದ ಮೂಲಕ. ಅಲ್ಲಿನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕಾದು ಇನ್ನೊಂದು ವಿಮಾನ ಹತ್ತಬೇಕಿತ್ತು. ನಿಲ್ದಾಣದಿಂದ ಹೊರಗೆ ಕಾಲಿಡುವುದಿಲ್ಲವಲ್ಲ, ವೀಸಾ ಏತಕ್ಕೆ ಎಂದು ನಾವು ಸುಮ್ಮನಿದ್ದೆವು. ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲೇ ನಮ್ಮನ್ನು ತಡೆದರು. ಕ್ಯಾಮೆರಾ ಪೆಟ್ಟಿಗೆಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಮೂವರೂ ಮನೆಗೆ ಮರಳಿದೆವು.

ಎರಡನೆಯ ಸಲ ಅರ್ಜಿ ತುಂಬುವಾಗ ಟ್ರಾವೆಲ್ ಕಚೇರಿಯ ಯುವಕನೊಬ್ಬ ಬಹಳ ಉತ್ಸಾಹದಿಂದ, "ಸಾರ್, ನೀವು ಕ್ಯಾಮೆರಾ ಕ್ರೂ ಅಲ್ಲವೇ? ಕ್ರೂ ವೀಸಾ ಅಂತಲೇ ಒಂದಿದೆ, ಅದಕ್ಕೇ ಹಾಕಿಬಿಡೋಣ" ಎಂದ. ನಾನು ತಲೆಯಾಡಿಸಿದ್ದೆ ಕೂಡ! ಪುಣ್ಯಕ್ಕೆ ಹಿರಿಯ ಗುಮಾಸ್ತರೊಬ್ಬರು ನಕ್ಕು ತಿದ್ದಿದರು. ವೀಸಾದ ಭಾಷೆಯಲ್ಲಿ 'ಕ್ರೂ' ಎಂದರೆ ಹಡಗನ್ನೋ ವಿಮಾನವನ್ನೋ ನಡೆಸಲು, ಅದರ ಸೇವೆ ನೋಡಿಕೊಳ್ಳಲು ಬೇಕಾದ ಸಿಬ್ಬಂದಿ. ಕ್ಯಾಪ್ಟನ್, ಎಂಜಿನಿಯರ್, ನಾವಿಕ, ಅಡುಗೆಯವ, ಪ್ರವಾಸಿ ಹಡಗಿನಲ್ಲಿ ಊಟ ಬಡಿಸುವ ಹುಡುಗ, ವಿಮಾನದ ಗಗನಸಖಿ ಎಲ್ಲರೂ ಅದರಲ್ಲಿ ಸೇರುತ್ತಾರೆ. ಟೆಲಿವಿಷನ್ ತಂಡ ಸೇರುವುದಿಲ್ಲ. ಅಮೆರಿಕದಲ್ಲಿ ಚಿತ್ರೀಕರಿಸಲು ಹೋಗುವ ಮಾಧ್ಯಮದವರಿಗೆ 'ಐ' ಎಂಬ ಬೇರೆಯೇ ವರ್ಗವಿದೆ. ಸುಮ್ಮನೆ ಹಾದುಹೋಗುವ ನಮಗೆ ಬೇಕಿದ್ದದ್ದು 'ಸಿ-1' ಎಂಬ ಟ್ರಾನ್ಸಿಟ್ ವೀಸಾ.

ಹಾದುಹೋಗುವವರ ಬಾಗಿಲು

ನಾಲ್ಕು ಗಂಟೆ ಕೂರುವುದಕ್ಕೂ ಅನುಮತಿ ಬೇಕೆ? ಇದು ನಿಮಗೂ ಹೊಳೆಯುವ ಪ್ರಶ್ನೆ. ಉತ್ತರ ಆಯಾ ದೇಶದ ವಿಮಾನ ನಿಲ್ದಾಣದ ಕಟ್ಟಡದಲ್ಲಿದೆ ಎಂದರೆ ಆಶ್ಚರ್ಯವಾದೀತು. ಹಲವು ದೇಶಗಳ ನಿಲ್ದಾಣಗಳಲ್ಲಿ ವಿಮಾನದಿಂದ ಇಳಿದವರು ವಲಸೆ ಅಧಿಕಾರಿಯ ಮೇಜನ್ನು ದಾಟದೆಯೇ ಇನ್ನೊಂದು ವಿಮಾನಕ್ಕೆ ಹೋಗುವ ಒಳಹಾದಿ ಇರುತ್ತದೆ. ಆ ಒಳಹಾದಿಯಲ್ಲಿ ಇರುವಷ್ಟು ಹೊತ್ತು ನೀವು ಆ ದೇಶವನ್ನು ಪ್ರವೇಶಿಸಿದಂತಲ್ಲ. ಅಮೆರಿಕದಲ್ಲಿ ಅಂತಹ ಏರ್ಪಾಡು ಇಲ್ಲ. ಹೊರದೇಶದಿಂದ ಬಂದಿಳಿದ ಪ್ರತಿಯೊಬ್ಬನೂ ವಲಸೆ ತಪಾಸಣೆಗೆ ಒಳಗಾಗಲೇಬೇಕು. ಹಿಂದೆ ವೀಸಾ ಇಲ್ಲದೆ ಹಾದುಹೋಗುವ ಒಂದು ಸೌಲಭ್ಯವಿತ್ತು. ಭದ್ರತೆಯ ಕಾರಣದಿಂದ 2003ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆದ್ದರಿಂದ ಮೆಕ್ಸಿಕೋಗೆ ಹೋಗಲಿ, ಬ್ರೆಜಿಲ್‌ಗೆ ಹೋಗಲಿ, ದಾರಿಯಲ್ಲಿ ಅಮೆರಿಕ ಸಿಕ್ಕಿದರೆ ಭಾರತೀಯರಿಗೆ ವೀಸಾ ಬೇಕು.

ಬ್ರಿಟನ್ ಇದನ್ನು ಎರಡಾಗಿ ವಿಂಗಡಿಸುತ್ತದೆ. ಒಳಹಾದಿಯಲ್ಲೇ ವಿಮಾನ ಬದಲಿಸುವವರಿಗೆ ಒಂದು ಬಗೆಯ ವೀಸಾ. ವಲಸೆ ಮೇಜು ದಾಟಿ, 48 ಗಂಟೆಯೊಳಗೆ ದೇಶ ಬಿಡುವವರಿಗೆ ಇನ್ನೊಂದು ಬಗೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯದಂತಹ ಕೆಲವು ದೇಶಗಳ ಚಾಲ್ತಿಯಲ್ಲಿರುವ ವೀಸಾ ಹೊಂದಿದವರಿಗೆ ಷರತ್ತಿನ ಮೇಲೆ ವಿನಾಯಿತಿಯೂ ಉಂಟು. ಯೂರೋಪಿನ ಷೆಂಗೆನ್ ದೇಶಗಳಲ್ಲಿ ವಿಮಾನ ನಿಲ್ದಾಣದ ಟ್ರಾನ್ಸಿಟ್ ವೀಸಾ ಎಲ್ಲರಿಗೂ ಬೇಕಾಗದು. ಯಾವ ದೇಶದ ಪ್ರಜೆಗೆ ಬೇಕು ಎಂಬ ಸಾಮಾನ್ಯ ಪಟ್ಟಿಯೊಂದಿದೆ, ಅದರ ಜೊತೆಗೆ ಒಂದೊಂದು ದೇಶವೂ ತನ್ನದೇ ಹೆಸರುಗಳನ್ನು ಸೇರಿಸಬಹುದು, ತೆಗೆಯಬಹುದು. ಆದ್ದರಿಂದ ಹೋದ ವರ್ಷ ಪಕ್ಕದ ಮನೆಯವರು ಹೋಗಿಬಂದ ಅನುಭವವನ್ನು ಈ ವರ್ಷ ನಂಬಿ ಹೊರಡಬೇಡಿ. ಟಿಕೆಟು ಕಾದಿರಿಸುವ ಮೊದಲು ಆ ದೇಶದ ರಾಯಭಾರ ಕಚೇರಿಯ ಅಧಿಕೃತ ಜಾಲತಾಣವನ್ನೇ ನೋಡಿ. ಕೆನಡಾ ಹಾದುಹೋಗಲು ಬೇಕಾದ ವೀಸಾಕ್ಕೆ ಶುಲ್ಕವಿಲ್ಲ; ಆದರೆ ಶುಲ್ಕವಿಲ್ಲವೆಂದ ಮಾತ್ರಕ್ಕೆ ಅರ್ಜಿ ಬೇಡವೆಂದಲ್ಲ.

ಮಕ್ಕಳ ಮನೆಗೆ ಹೊರಡುವ ಹಿರಿಯರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹಣ ಉಳಿಸಲು ಕೆಲವರು ಎರಡು ಬೇರೆ ಬೇರೆ ಟಿಕೆಟುಗಳನ್ನು ಕೊಳ್ಳುತ್ತಾರೆ. ಒಂದೇ ಟಿಕೆಟಾದರೆ ನಿಮ್ಮ ಪೆಟ್ಟಿಗೆ ಸಾಮಾನ್ಯವಾಗಿ ಕೊನೆಯ ಊರಿಗೇ ಹೋಗುತ್ತದೆ. ಎರಡಾದರೆ ನಡುವಿನ ಊರಿನಲ್ಲಿ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಕೊಡಬೇಕಾಗಬಹುದು. ಪೆಟ್ಟಿಗೆ ಸಿಗುವ ಜಾಗ ವಲಸೆ ಮೇಜಿನ ಆಚೆಗಿರುತ್ತದೆ. ಆಚೆಗೆ ಹೋಗಬೇಕಾದರೆ ಆ ದೇಶವನ್ನು ಪ್ರವೇಶಿಸಬೇಕು, ಪ್ರವೇಶಿಸಬೇಕಾದರೆ ವೀಸಾ ಬೇಕು. ಹೀಗೆ ಟಿಕೆಟಿನಲ್ಲಿ ಉಳಿಸಿದ ಹಣ ಪ್ರಯಾಣವನ್ನೇ ನುಂಗಿಹಾಕುತ್ತದೆ.

ಕೌಂಟರಿನಲ್ಲಿ ತಡೆಯುವ ವಿಮಾನ ಸಂಸ್ಥೆಯ ಹುಡುಗಿಯ ಮೇಲೆ ಸಿಟ್ಟಾಗಿಯೂ ಪ್ರಯೋಜನವಿಲ್ಲ. ಸರಿಯಾದ ಕಾಗದಪತ್ರಗಳಿಲ್ಲದವರನ್ನು ಕರೆತಂದರೆ ಅನೇಕ ದೇಶಗಳು ವಿಮಾನ ಸಂಸ್ಥೆಗೇ ದಂಡ ಹಾಕುತ್ತವೆ, ಪ್ರಯಾಣಿಕನನ್ನು ವಾಪಸು ಕರೆದೊಯ್ಯುವ ಹೊಣೆಯೂ ಅದರದ್ದೇ. ಅದಕ್ಕೇ ಆ ದೇಶದ ಗಡಿ ನಿಮ್ಮ ಪಾಲಿಗೆ ದೇವನಹಳ್ಳಿಯ ಕೌಂಟರಿನಲ್ಲೇ ಶುರುವಾಗುತ್ತದೆ.

ಶಿಪ್ಪಿನವರ ವೀಸಾ

ಈಗ ಹಡಗಿನವರ ವಿಷಯಕ್ಕೆ ಬರೋಣ. ಹಡಗಿನಲ್ಲಿ ಕೆಲಸ ಸಿಕ್ಕಿದವನು ಎರಡು ಸಂದರ್ಭಗಳಲ್ಲಿ ಪರದೇಶದ ನೆಲ ತುಳಿಯುತ್ತಾನೆ. ಹಡಗು ಸೇರಲು ಅಥವಾ ಅವಧಿ ಮುಗಿಸಿ ಊರಿಗೆ ಮರಳಲು ಅವನು ವಿಮಾನದಲ್ಲಿ ಪ್ರಯಾಣಿಕನಾಗಿ ಆ ದೇಶವನ್ನು ಹಾದುಹೋಗುತ್ತಾನೆ. ಇದು ಮೊದಲನೆಯದು. ಹಡಗು ಬಂದರಿನಲ್ಲಿ ನಿಂತಾಗ ಕೆಲವು ಗಂಟೆ ಪೇಟೆಗೆ ಹೋಗಿ ಬರುತ್ತಾನೆ. ಇದಕ್ಕೆ ಶೋರ್ ಲೀವ್ ಎನ್ನುತ್ತಾರೆ. ಇದು ಎರಡನೆಯದು. ಅಮೆರಿಕದ ಲೆಕ್ಕದಲ್ಲಿ ಮೊದಲನೆಯದಕ್ಕೆ ಸಿ-1, ಎರಡನೆಯದಕ್ಕೆ 'ಡಿ' ವೀಸಾ. ಬಹುತೇಕ ನಾವಿಕರಿಗೆ ಎರಡೂ ಬೇಕಾಗುವುದರಿಂದ ಇವೆರಡನ್ನೂ ಸೇರಿಸಿ 'ಸಿ-1/ಡಿ' ಎಂದು ಒಂದೇ ಚೀಟಿಯಲ್ಲಿ ಕೊಡುತ್ತಾರೆ. ಮಯಾಮಿಯಲ್ಲಿ ಪ್ರವಾಸಿ ಹಡಗು ಹತ್ತುವ ನಮ್ಮ ಮಂಗಳೂರಿನ ಹುಡುಗನಿಗೂ, ಹ್ಯೂಸ್ಟನ್‌ನಲ್ಲಿ ತೈಲದ ಹಡಗು ಸೇರುವ ಕಾರವಾರದ ಎಂಜಿನಿಯರ್‌ಗೂ ಬೇಕಾಗುವುದು ಇದೇ. ವಿಮಾನದ ಪೈಲಟ್ ಮತ್ತು ಕ್ಯಾಬಿನ್ ಸಿಬ್ಬಂದಿಗೂ ಇದೇ. ಇನ್ನೊಂದು ಊರಿನಲ್ಲಿ ನಿಂತಿರುವ ತಮ್ಮ ವಿಮಾನವನ್ನು ಸೇರಲು ಅವರೂ ಎಷ್ಟೋ ಸಲ ಪ್ರಯಾಣಿಕರಂತೆ ಹೋಗಬೇಕಾಗುತ್ತದೆ.

ಒಂದು ಕಾಲದಲ್ಲಿ ಹಡಗಿನ ಕಂಪನಿಯೇ ಇಡೀ ಸಿಬ್ಬಂದಿಯ ಪಟ್ಟಿಯನ್ನು ಕೊಟ್ಟು, ಆ ಪಟ್ಟಿಗೇ ವೀಸಾ ಪಡೆಯುವ ಪದ್ಧತಿ ಅಮೆರಿಕದಲ್ಲಿತ್ತು. 2004ರಲ್ಲಿ ಅದನ್ನು ರದ್ದುಗೊಳಿಸಿದರು. ಅಂದಿನಿಂದ ಕ್ಯಾಪ್ಟನ್ನಿನಿಂದ ಅಡುಗೆಯವನವರೆಗೆ ಪ್ರತಿಯೊಬ್ಬನೂ ತನ್ನದೇ ಅರ್ಜಿ ಸಲ್ಲಿಸಬೇಕು. ವೀಸಾ ಇಲ್ಲದವನು ಅಮೆರಿಕದ ಬಂದರಿನಲ್ಲಿ ಹಡಗಿನಿಂದ ಇಳಿಯುವ ಹಾಗಿಲ್ಲ. ಎದುರಿಗೇ ಪೇಟೆಯ ದೀಪಗಳು ಕಾಣುತ್ತಿದ್ದರೂ ಡೆಕ್ಕಿನ ಮೇಲೇ ನಿಂತು ನೋಡಬೇಕು.

ಈ ವೀಸಾದ ಮಿತಿಗಳನ್ನೂ ತಿಳಿದಿರಬೇಕು. ಇಳಿದವನು ಒಂದು ಸಲಕ್ಕೆ 29 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಅಲ್ಲಿದ್ದುಕೊಂಡೇ ಅವಧಿ ವಿಸ್ತರಿಸಲಾಗದು. ಬೇರೆ ಬಗೆಯ ವೀಸಾಕ್ಕೆ ಬದಲಾಯಿಸಿಕೊಳ್ಳಲೂ ಆಗದು. ದುರಸ್ತಿಗಾಗಿ ಡ್ರೈ ಡಾಕಿಗೆ ಹತ್ತಿಸಿದ ಹಡಗಿನ ಕೆಲಸಕ್ಕೆ, 29 ದಿನ ಮೀರಿ ಅಲ್ಲಿನ ನೀರಿನಲ್ಲಿ ಇರುವ ಖಾಸಗಿ ವಿಹಾರ ನೌಕೆಯ ಕೆಲಸಕ್ಕೆ ಈ ವೀಸಾ ನಡೆಯುವುದಿಲ್ಲ. ಇನ್ನೊಂದು ಮಾತು: ವೀಸಾದ ಚೀಟಿ ಬಂದರಿನ ತನಕ ಹೋಗಲು ಕೊಟ್ಟ ಪರವಾನಗಿ ಅಷ್ಟೆ. ಒಳಗೆ ಬಿಡಬೇಕೇ ಬೇಡವೇ ಎಂದು ತೀರ್ಮಾನಿಸುವವನು ಅಲ್ಲಿ ಕುಳಿತಿರುವ ಅಧಿಕಾರಿ.

ಎಲ್ಲ ದೇಶಗಳೂ ಹೀಗಿಲ್ಲ. ಆಸ್ಟ್ರೇಲಿಯ ನಾವಿಕರಿಗೆಂದೇ 988 ಎಂಬ ಸಂಖ್ಯೆಯ ವೀಸಾ ಇಟ್ಟಿದೆ. ಅರ್ಜಿ ಗಣಕಯಂತ್ರದ ಮೂಲಕವೇ, ಶುಲ್ಕವಿಲ್ಲ, ಅವಧಿ ಮೂರು ವರ್ಷ. ಆದರೆ ಅದರಲ್ಲೊಂದು ತಿರುವಿದೆ. ಅದು ಸಮುದ್ರದ ಮೂಲಕ ಬರುವವರಿಗೆ ಮಾತ್ರ. ವಿಮಾನದಲ್ಲಿ ಹೋಗಿ ಹಡಗು ಸೇರುವವನಿಗೆ 771 ಎಂಬ ಟ್ರಾನ್ಸಿಟ್ ವೀಸಾದಂತಹ ಬೇರೆ ಅನುಮತಿ ಬೇಕು. ಷೆಂಗೆನ್ ದೇಶಗಳು ಸಾಮಾನ್ಯ ಪ್ರಯಾಣಿಕರಿಂದ ಆರು ತಿಂಗಳು ಮುಂಚಿತವಾಗಿ ಅರ್ಜಿ ತೆಗೆದುಕೊಂಡರೆ, ಕರ್ತವ್ಯದ ಮೇಲಿರುವ ನಾವಿಕರಿಂದ ಒಂಬತ್ತು ತಿಂಗಳು ಮುಂಚಿತವಾಗಿ ತೆಗೆದುಕೊಳ್ಳುತ್ತವೆ. ವರ್ಷದ ಬಹುಪಾಲು ನೀರಿನ ಮೇಲಿರುವವನು ದಡದಲ್ಲಿದ್ದಾಗಲೇ ಮುಂದಿನ ಅರ್ಜಿ ಹಾಕಿಕೊಳ್ಳಲಿ ಎಂಬ ವಿವೇಕ ಅದರ ಹಿಂದಿದೆ.

ನಾವಿಕನ ಗುರುತು

ಸಮುದ್ರದಲ್ಲಿ ದುಡಿಯುವವನಿಗೆ ದಡದಲ್ಲಿ ಕಾಲು ಚಾಚುವ ಹಕ್ಕಿರಬೇಕು ಎಂಬುದು ಹಳೆಯ ವಿಚಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1958ರಲ್ಲೇ ನಾವಿಕರ ಗುರುತು ಪತ್ರದ ಬಗ್ಗೆ 108ನೆಯ ಒಡಂಬಡಿಕೆಯನ್ನು ಮಾಡಿತು. 2003ರಲ್ಲಿ ಅದನ್ನು ಪರಿಷ್ಕರಿಸಿ 185ನೆಯ ಒಡಂಬಡಿಕೆಯನ್ನು ತಂದಿತು. ಈ ಗುರುತು ಪತ್ರ ಇರುವ ನಾವಿಕನಿಂದ ಶೋರ್ ಲೀವ್‌ಗಾಗಿ ವೀಸಾ ಕೇಳಬಾರದು ಎನ್ನುತ್ತದೆ ಅದು. ಭಾರತ 2015ರಲ್ಲಿ ಇದನ್ನು ಅಂಗೀಕರಿಸಿತು. ಅಮೆರಿಕ ಅಂಗೀಕರಿಸಿಲ್ಲ, ಆದ್ದರಿಂದಲೇ ಅಲ್ಲಿ ಇನ್ನೂ ಡಿ ವೀಸಾ.

2019ರಲ್ಲಿ ಭಾರತ ನಾವಿಕರ ಮುಖಲಕ್ಷಣವನ್ನು ಚಿಪ್ಪಿನಲ್ಲಿ ಅಡಕಗೊಳಿಸಿದ ಗುರುತು ಪತ್ರವನ್ನು ಕೊಡಲು ಆರಂಭಿಸಿತು. ಆಗ ಘೋಷಿಸಿದ ಒಂಬತ್ತು ನೋಂದಣಿ ಕೇಂದ್ರಗಳಲ್ಲಿ ನಮ್ಮ ನವಮಂಗಳೂರು ಬಂದರೂ ಒಂದು ಎಂಬುದು ಸಂತೋಷದ ಸಂಗತಿ. ಮಿಕ್ಕವು ಮುಂಬಯಿ, ಕೋಲ್ಕತ, ಚೆನ್ನೈ, ನೋಯಿಡಾ, ಗೋವಾ, ಕೊಚ್ಚಿ, ವಿಶಾಖಪಟ್ಟಣ ಮತ್ತು ಕಾಂಡ್ಲಾ. ಒಂದು ಎಚ್ಚರಿಕೆ: ಈ ಗುರುತು ಪತ್ರ ಪಾಸ್‌ಪೋರ್ಟ್ ಅಲ್ಲ, ವೀಸಾವೂ ಅಲ್ಲ. ಅದೇ ರೀತಿ ಸಿ.ಡಿ.ಸಿ. ಎಂದು ಕರೆಯುವ ನಾವಿಕರ ಸೇವಾ ಪುಸ್ತಕವೂ ಬೇರೆ. ಯಾವ ಹಡಗಿನಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ದುಡಿದ ಎಂಬುದಕ್ಕೆ ಅದು ಸಾಕ್ಷಿ. ಈ ಮೂರೂ ಪುಸ್ತಕಗಳು ಒಂದಕ್ಕೊಂದು ಜೊತೆ, ಒಂದರ ಬದಲಿಗೆ ಇನ್ನೊಂದಲ್ಲ.

ಅರ್ಜಿ ಹಾಕುವ ಬಗೆ

ಅಮೆರಿಕದ ಉದಾಹರಣೆಯನ್ನೇ ಹಿಡಿದು ಅರ್ಜಿಯ ಹಂತಗಳನ್ನು ಹೇಳುತ್ತೇನೆ. ಡಿ.ಎಸ್.-160 ಎಂಬ ನಮೂನೆಯನ್ನು ಗಣಕಯಂತ್ರದಲ್ಲೇ ತುಂಬಬೇಕು. ಅದರಲ್ಲಿ ಹಡಗಿನ ಹೆಸರು, ಕಂಪನಿ, ನಿಮ್ಮ ಹುದ್ದೆ ಮೊದಲಾದ ವಿವರಗಳನ್ನು ಕೇಳುತ್ತಾರೆ. ಶುಲ್ಕ 2023ರ ಜೂನ್ 17ರಿಂದ 185 ಡಾಲರ್ ಆಗಿದೆ. ವೀಸಾ ಸಿಗದಿದ್ದರೂ ಈ ಹಣ ವಾಪಸು ಬರುವುದಿಲ್ಲ. ಅನಂತರ ಬೆರಳಚ್ಚು ಮತ್ತು ಭಾವಚಿತ್ರ, ಆಮೇಲೆ ಸಂದರ್ಶನ. ನಮ್ಮ ರಾಜ್ಯದವರು ಇದಕ್ಕಾಗಿ ಚೆನ್ನೈ ಅಥವಾ ಹೈದರಾಬಾದಿಗೆ ಹೋಗುವುದು ಬಹಳ ವರ್ಷಗಳ ರೂಢಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೂ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಆದರೆ ಉದ್ಘಾಟನೆಯ ಹೊತ್ತಿಗೆ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ಎಲ್ಲಿಗೆ ಹೋಗಬೇಕೆಂಬುದನ್ನು ಅರ್ಜಿ ಹಾಕುವ ದಿನವೇ ಖಚಿತಪಡಿಸಿಕೊಳ್ಳಿ.

ಸಂದರ್ಶನಕ್ಕೆ ಪಾಸ್‌ಪೋರ್ಟ್, ಸಿ.ಡಿ.ಸಿ., ತರಬೇತಿಯ ಪ್ರಮಾಣ ಪತ್ರಗಳು, ಕಂಪನಿಯೊಂದಿಗಿನ ಕರಾರು ಪತ್ರ ಮತ್ತು ಕಂಪನಿಯ ಕಾಗದ ಜೊತೆಗಿರಲಿ. ಆ ಕಾಗದದಲ್ಲಿ ಯಾವ ಹಡಗು, ಯಾವ ಬಂದರು, ಯಾವ ದಿನ, ಯಾವ ಹುದ್ದೆ, ಎಷ್ಟು ತಿಂಗಳು ಎಂಬುದು ಸ್ಪಷ್ಟವಾಗಿರಬೇಕು. ಅಧಿಕಾರಿ ಕೇಳುವುದೂ ಇದನ್ನೇ. ಅಲ್ಲಿನ ಕಾನೂನಿನ ಪ್ರಕಾರ ಇಂತಹ ಅರ್ಜಿದಾರ ಅಲ್ಲೇ ನೆಲೆಸಲು ಬಂದವನೆಂದು ಮೊದಲು ಭಾವಿಸಲಾಗುತ್ತದೆ. ಹಾಗಲ್ಲ, ಕೆಲಸ ಮುಗಿಸಿ ಊರಿಗೆ ಮರಳುತ್ತೇನೆ ಎಂದು ತೋರಿಸುವ ಹೊಣೆ ಅರ್ಜಿದಾರನದು. ಬಾಯಿಪಾಠ ಮಾಡಿದ ಉತ್ತರ ಬೇಡ. ಏಜೆಂಟ್ ಹೇಳಿಕೊಟ್ಟ ಸುಳ್ಳಂತೂ ಬೇಡವೇ ಬೇಡ. ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಆ ದಾಖಲೆ ಜೀವನಪೂರ್ತಿ ಹಿಂಬಾಲಿಸುತ್ತದೆ.

ಅಂಕಿ ತಪ್ಪಿದರೆ ಯಂತ್ರ ಹಿಡಿಯುತ್ತದೆ, ಹೆಸರು ತಪ್ಪಿದರೆ?

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಆದ್ದರಿಂದ ಒಂದು ಸಣ್ಣ ಲೆಕ್ಕವನ್ನು ನಿಮ್ಮ ಮುಂದಿಡುವ ಆಸೆ. ನಿಮ್ಮ ಪಾಸ್‌ಪೋರ್ಟನ್ನು ತೆರೆಯಿರಿ. ಭಾವಚಿತ್ರವಿರುವ ಪುಟದ ಕೆಳಗೆ ಎರಡು ಸಾಲುಗಳಿವೆ, ಒಂದೊಂದರಲ್ಲೂ 44 ಚಿಹ್ನೆಗಳು. ಯಂತ್ರ ಓದುವುದು ಇವನ್ನೇ. ಎರಡನೆಯ ಸಾಲಿನಲ್ಲಿ ಹುಟ್ಟಿದ ದಿನ ಆರು ಅಂಕಿಗಳಲ್ಲಿದೆ, ಅದರ ಮುಂದೆ ಒಂಟಿ ಅಂಕಿಯೊಂದಿದೆ. ಅದು ಕಾವಲುಗಾರ.

ಹುಡುಗನೊಬ್ಬ 1999ರ ಜೂನ್ 12ರಂದು ಹುಟ್ಟಿದ ಎನ್ನಿ. ಅದು 990612 ಎಂದಾಗುತ್ತದೆ. ಈ ಅಂಕಿಗಳನ್ನು ಕ್ರಮವಾಗಿ 7, 3, 1, ಮತ್ತೆ 7, 3, 1ರಿಂದ ಗುಣಿಸಿ. 63, 27, 0, 42, 3, 2 ಬರುತ್ತದೆ. ಕೂಡಿದರೆ 137. ಹತ್ತರಿಂದ ಭಾಗಿಸಿದರೆ ಉಳಿಯುವ ಶೇಷ 7. ಅದೇ ಕಾವಲು ಅಂಕಿ. ಯಾರಾದರೂ ಕೈತಪ್ಪಿ 12ನ್ನು 21 ಮಾಡಿದರೆ ಮೊತ್ತ 139, ಶೇಷ 9. ಕಾವಲು ಅಂಕಿಯೊಂದಿಗೆ ತಾಳೆಯಾಗದು, ಯಂತ್ರ ಕೂಡಲೇ ತಡೆಯುತ್ತದೆ. ಪಾಸ್‌ಪೋರ್ಟಿನ ಸಂಖ್ಯೆಗೂ, ಅವಧಿ ಮುಗಿಯುವ ದಿನಕ್ಕೂ ಇಂತಹದೇ ಕಾವಲಿದೆ.

ಆದರೆ ಮೊದಲ ಸಾಲಿನಲ್ಲಿರುವ ನಿಮ್ಮ ಹೆಸರಿಗೆ ಇಂತಹ ಕಾವಲಿಲ್ಲ! ಅಲ್ಲಿ ಒಂದಕ್ಷರ ತಪ್ಪಿದರೆ ಅದನ್ನು ಹಿಡಿಯಬೇಕಾದದ್ದು ಮನುಷ್ಯನ ಕಣ್ಣು. ನಮ್ಮವರಿಗೆ ತೊಂದರೆ ಬರುವುದೂ ಇಲ್ಲೇ. ನಮ್ಮ ಕಡೆ ಮನೆತನದ ಹೆಸರು ಇರಲೇಬೇಕೆಂಬ ನಿಯಮವಿಲ್ಲ. ಶಾಲೆಯ ದಾಖಲೆಯಲ್ಲಿ 'ಎಂ. ಕೆ. ಸುರೇಶ' ಎಂದಿರುತ್ತದೆ. ಎಂ ಎಂದರೆ ಊರು, ಕೆ ಎಂದರೆ ತಂದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಬಿಡಿಸುವಾಗ ಒಂದು ಕಡೆ ಊರು ಮೊದಲಾಗುತ್ತದೆ, ಇನ್ನೊಂದು ಕಡೆ ಹೆಸರು ಮೊದಲಾಗುತ್ತದೆ. ಸಿ.ಡಿ.ಸಿ.ಯಲ್ಲಿ ಇನ್ನೊಂದು ರೀತಿ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯಿದ್ದರೆ ಅಮೆರಿಕದ ನಮೂನೆಯಲ್ಲಿ ಇರುವ ಹೆಸರನ್ನೇ ಆ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್.ಎನ್.ಯು. ಎಂದು ಬರೆಯಬೇಕಾಗುತ್ತದೆ. 'ಹೆಸರು ತಿಳಿದಿಲ್ಲ' ಎಂಬುದರ ಸಂಕ್ಷಿಪ್ತ ರೂಪವದು. ಗಾಬರಿಯಾಗಬೇಡಿ, ಅದು ದೋಷವಲ್ಲ. ಆದರೆ ಪಾಸ್‌ಪೋರ್ಟ್, ಸಿ.ಡಿ.ಸಿ., ಕಂಪನಿಯ ಕಾಗದ, ಟಿಕೆಟು ಇವು ನಾಲ್ಕನ್ನೂ ಮೇಜಿನ ಮೇಲೆ ಹರಡಿ, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡದೆ ಅರ್ಜಿ ಹಾಕಬೇಡಿ. ವೀಸಾ ಕೈಗೆ ಬಂದ ದಿನ ಮತ್ತೊಮ್ಮೆ ನೋಡಿ. ತಪ್ಪನ್ನು ಮನೆಯಲ್ಲೇ ಕಂಡರೆ ತಿದ್ದಿಸಬಹುದು, ಬಂದರಿನಲ್ಲಿ ಕಂಡರೆ ಹಡಗು ಕಾಯುವುದಿಲ್ಲ.

ದುಡ್ಡು ಯಾರದು?

ಈಗ ಆ ತಾಯಿಯ ಪ್ರಶ್ನೆಗೆ ಹಿಂತಿರುಗುತ್ತೇನೆ. ಅವರ ಮಗ ಏಜೆಂಟನಿಗೆ ಕೊಟ್ಟ ಹಣದಲ್ಲಿ ದೊಡ್ಡ ಪಾಲು 'ವೀಸಾ ಖರ್ಚು' ಎಂಬ ಬಾಬತ್ತಿನದು. ನೀವು ಇಂದು ಈ ಪುಟದಿಂದ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ನಾವಿಕನ ವೀಸಾದ ಖರ್ಚು ನಾವಿಕನದಲ್ಲ, ಹಡಗಿನ ಮಾಲೀಕನದು.

ಇದು ನನ್ನ ಅಭಿಪ್ರಾಯವಲ್ಲ. 2006ರ ಕಡಲ ಕಾರ್ಮಿಕರ ಒಡಂಬಡಿಕೆಯಲ್ಲಿ ಹೀಗೆಂದು ಸ್ಪಷ್ಟವಾಗಿ ಬರೆದಿದೆ. ಅದು 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಅದನ್ನು ಅಂಗೀಕರಿಸಿತು. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕಾಗಿ ನಾವಿಕನಿಂದ ಹಣ ತೆಗೆದುಕೊಳ್ಳುವಂತಿಲ್ಲ. ವೈದ್ಯಕೀಯ ಪ್ರಮಾಣ ಪತ್ರ, ಸೇವಾ ಪುಸ್ತಕ, ಪಾಸ್‌ಪೋರ್ಟ್ ಇವುಗಳ ಖರ್ಚನ್ನು ಮಾತ್ರ ನಾವಿಕ ಹೊರಬಹುದು. ವೀಸಾದ ಖರ್ಚನ್ನು ಮಾಲೀಕನೇ ಹೊರಬೇಕು.

ನಮ್ಮ ದೇಶದಲ್ಲಿ ನಾವಿಕರನ್ನು ನೇಮಕ ಮಾಡಿಕೊಡುವ ಸಂಸ್ಥೆಗೆ ಸರ್ಕಾರದ ಪರವಾನಗಿ ಇರಬೇಕು. ಅದನ್ನು ಆರ್.ಪಿ.ಎಸ್.ಎಲ್. ಎನ್ನುತ್ತಾರೆ. ಕೊಡುವುದು ಮುಂಬಯಿಯಲ್ಲಿರುವ ನೌಕಾಯಾನ ಮಹಾನಿರ್ದೇಶಕರ ಕಚೇರಿ. ಕರಾವಳಿಯ ಜನ ಡಿ.ಜಿ. ಶಿಪ್ಪಿಂಗ್ ಎಂದೇ ಅದನ್ನು ಬಲ್ಲರು. ಪರವಾನಗಿ ಇರುವ ಸಂಸ್ಥೆಗಳ ಪಟ್ಟಿ ಅವರ ಜಾಲತಾಣದಲ್ಲಿದೆ. ಏಜೆಂಟ್ ಎದುರಿಗೆ ಕೂತಿದ್ದಾಗಲೇ "ನಿಮ್ಮ ಆರ್.ಪಿ.ಎಸ್.ಎಲ್. ಸಂಖ್ಯೆ ಎಷ್ಟು?" ಎಂದು ಕೇಳಿ. ಸರಿಯಾದವನು ಹೇಳುತ್ತಾನೆ. ಮೋಸಗಾರ ಮಾತು ಮರೆಸುತ್ತಾನೆ. "ಈಗ ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿಗೆ ಹೋದ ಮೇಲೆ ಬದಲಾಯಿಸಿಕೊಡುತ್ತೇವೆ" ಎಂದರೆ ಎದ್ದು ಬನ್ನಿ.

ಏಕೆ ಇಷ್ಟು ಕಟ್ಟುನಿಟ್ಟು? ಪ್ರವಾಸಿ ವೀಸಾದಲ್ಲಿ ಹೋಗಿ ದುಡಿಯುವವನು ಆ ದೇಶದ ಕಾನೂನಿನ ಕಣ್ಣಿಗೆ ತಪ್ಪಿತಸ್ಥ. ಸಂಬಳ ಕೊಡದ ಮಾಲೀಕನ ಮೇಲೆ ದೂರು ಕೊಡಲು ಹೋದರೆ ಮೊದಲು ಸಿಕ್ಕಿಬೀಳುವವನು ಅವನೇ. ಮಾಲೀಕನಿಗೆ ಇದು ಗೊತ್ತು. ಆದ್ದರಿಂದಲೇ ಧೈರ್ಯವಾಗಿ ಸಂಬಳ ನಿಲ್ಲಿಸುತ್ತಾನೆ. ಕ್ರಮಬದ್ಧವಾಗಿ ಸೇರಿದವನಿಗಾದರೋ ರಕ್ಷಣೆ ಇದೆ. ಮಾಲೀಕ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೂ ಊರಿಗೆ ಮರಳುವ ಖರ್ಚಿಗೂ ಹಣಕಾಸಿನ ಭದ್ರತೆ ಇಟ್ಟಿರಬೇಕು ಎಂಬ ತಿದ್ದುಪಡಿ 2017ರಲ್ಲಿ ಜಾರಿಗೆ ಬಂದಿದೆ. ಕಾಗದ ಸರಿಯಿದ್ದವನ ಪಾಡೂ ಸದಾ ಸುಖವೆಂದಲ್ಲ. 2020ರಲ್ಲಿ ಕೋವಿಡ್ ಕಾಲದಲ್ಲಿ ಗಡಿಗಳು ಮುಚ್ಚಿ, ಕರಾರು ಮುಗಿದಿದ್ದರೂ ಸುಮಾರು 4 ಲಕ್ಷ ನಾವಿಕರು ಹಡಗುಗಳಲ್ಲೇ ಉಳಿದಿದ್ದರೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅಂದಾಜು ಮಾಡಿತ್ತು. ಆದರೆ ಆಗ ಅವರ ಪರವಾಗಿ ಮಾತಾಡಲು ಸರ್ಕಾರಗಳಿದ್ದವು, ಸಂಘಗಳಿದ್ದವು, ಅವರ ಹೆಸರು ಪಟ್ಟಿಯಲ್ಲಿತ್ತು. ಕಳ್ಳದಾರಿಯಲ್ಲಿ ಹೋದವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಹಾಗೊಂದು ವೇಳೆ ಸಿಕ್ಕಿಹಾಕಿಕೊಂಡರೆ ಹೆದರಿ ಸುಮ್ಮನಿರಬೇಡಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ. ವಿದೇಶಾಂಗ ಇಲಾಖೆ 2015ರಲ್ಲಿ ಆರಂಭಿಸಿದ 'ಮದದ್' ಎಂಬ ಜಾಲತಾಣದಲ್ಲಿ ಮನೆಯವರು ಊರಿನಿಂದಲೇ ದೂರು ದಾಖಲಿಸಬಹುದು. ಪಾಸ್‌ಪೋರ್ಟಿನ ಮತ್ತು ಸಿ.ಡಿ.ಸಿ.ಯ ಎಲ್ಲ ಪುಟಗಳ ಒಂದು ನಕಲು ಮನೆಯಲ್ಲಿರಲಿ. ಹಡಗಿನ ಹೆಸರು, ಅದರ ಏಳು ಅಂಕಿಗಳ ಐ.ಎಂ.ಒ. ಸಂಖ್ಯೆಯನ್ನು ಬರೆದಿಡಿ. ಹಡಗು ಹೆಸರು ಬದಲಿಸಿದರೂ, ಬಾವುಟ ಬದಲಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ.

ಆ ಹುಡುಗ ಹನ್ನೊಂದು ತಿಂಗಳ ನಂತರ ರಾಯಭಾರ ಕಚೇರಿಯ ನೆರವಿನಿಂದ ಊರಿಗೆ ಮರಳಿದ. ಹಣ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಆ ಹನ್ನೊಂದು ತಿಂಗಳು ಸಿ.ಡಿ.ಸಿ.ಯಲ್ಲಿ ದಾಖಲಾಗದ ಕಾರಣ ಅವನ ಸಮುದ್ರ ಸೇವೆಯ ಲೆಕ್ಕಕ್ಕೇ ಬರಲಿಲ್ಲ. ಅಷ್ಟು ದಿನ ಅವನು ಕಡಲಿನಲ್ಲಿ ಇರಲೇ ಇಲ್ಲ ಎಂಬಂತೆ. ಅವನು ಮತ್ತೆ ಮೊದಲಿನಿಂದ ಆರಂಭಿಸಿದ. ಎರಡು ವರ್ಷಗಳ ಮೇಲೆ ಅದೇ ತಾಯಿಯಿಂದ ಇನ್ನೊಂದು ಕರೆ ಬಂತು. ಈ ಸಲ ಕಂಪನಿಯವರೇ ಖರ್ಚು ಹಾಕಿ ವೀಸಾ ಮಾಡಿಸಿದ್ದರು. "ಮಗಳ ಹತ್ರ ಓದಿಸಿ ನೋಡಿದೆ ಮಾರಾಯ್ರೇ, ಸಿ-ಒಂದು-ಡಿ ಅಂತ ಇದೆ. ಸರಿಯಲ್ಲವಾ?" ಎಂದು ಕೇಳಿದರು.

"ಸರಿ ಅಮ್ಮಾ" ಎಂದೆ. ನಿಮ್ಮ ಮನೆಯಿಂದಲೂ ಯಾರಾದರೂ ಹೊರಟು ನಿಂತಿದ್ದರೆ, ಪೆಟ್ಟಿಗೆ ಕಟ್ಟುವ ಮೊದಲು ಆ ಚೀಟಿಯನ್ನು ಒಮ್ಮೆ ಓದಿಸಿ ನೋಡಿ.